ಮಾವನ ಕಾರಿಗೆ ಏದುಸಿರು

ಮಾರ್ಚ್ ೩, ಸೋಮವಾರ

ಬ್ಯಾಟರಿ ಕಂಪನಿಯವರು ಹೊಸ ವರ್ಷಕ್ಕೆ ಕೊಟ್ಟ ಈ ಡೈರಿಯಲ್ಲಿ ಇವತ್ತಿನವರೆಗೆ ಒಂದಕ್ಷರ ಬರೆದವನಲ್ಲ ನಾನು. ಈಗ ಬರೆಯುವುದಕ್ಕೆ ಕಾರಣ ಒಂದೇ. ಯಾರಿಗೂ ಹೇಳುವಂತಿಲ್ಲದ ಕೆಲಸ ಒಪ್ಪಿಕೊಂಡಿದ್ದೇನೆ, ಹೇಳದೆ ಹೊಟ್ಟೆ ಉಬ್ಬುತ್ತಿದೆ.

ಮಾವನ ಕಾರಿನ ಟರ್ಬೋ ಬಿಚ್ಚಬೇಕು. ಮಾವನಿಗೆ ಗೊತ್ತಾಗದ ಹಾಗೆ.

ಯೋಜನೆ ನನ್ನದಲ್ಲ, ಹೆಂಡತಿಯದು. ಶಾಲೆಯಲ್ಲಿ ಗಣಿತ ಹೇಳಿಕೊಡುವವಳು, ಎಲ್ಲಕ್ಕೂ ಒಂದು ಸೂತ್ರ ಬೇಕು ಅವಳಿಗೆ. ಕಳೆದ ಬುಧವಾರ ಅವಳಪ್ಪ ಮೂಲೆಯ ಬೇಕರಿಯ ಬೋರ್ಡನ್ನು ಕಾರಿನಿಂದ ಗುದ್ದಿ ಮಲಗಿಸಿದರು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಕೇಳಿದರೆ, "ನಾನೆಲ್ಲಿ ಗುದ್ದಿದೆ? ಕಾರೇ ಹಾರ್ತು" ಎಂದರು. ವಯಸ್ಸು ಎಪ್ಪತ್ತಾರು. ಕಾರಿನ ಕೀಲಿ ಕೊಡಿ ಅಂದರೆ ಊಟ ಬಿಟ್ಟು ಕೂರುತ್ತಾರೆ.

"ಅಪ್ಪನ ಸ್ಪೀಡ್ ಇಳಿಸ್ಬೇಕು. ಆ ಕಾರು ಅಷ್ಟು ಜೋರಾಗಿ ಎಳೆಯೋದು ಯಾತರಿಂದ?"

"ಟರ್ಬೋ ಇದೆಯಲ್ಲ."

"ಕಿತ್ತುಹಾಕಿ."

"ಹಲ್ಲು ಕಿತ್ತ ಹಾಗಲ್ಲ ಕಣೇ ಅದು."

"ಮತ್ತೆ ಇಷ್ಟು ವರ್ಷದಿಂದ ಗ್ಯಾರೇಜಲ್ಲಿ ನೀವು ಮಾಡ್ತಿರೋದಾದ್ರೂ ಏನು?"

ಆ ಗ್ಯಾರೇಜೂ ಮಾವನದೇ. ಹತ್ತೊಂಬತ್ತನೇ ವಯಸ್ಸಿನಲ್ಲಿ ನನ್ನ ಕೈಗೆ ಮೊದಲ ಸ್ಪ್ಯಾನರ್ ಕೊಟ್ಟವರು ಅವರು. ಆಗೆಲ್ಲ "ಲೋ, ಕತ್ತೆ, ಬಾರೋ ಇಲ್ಲಿ" ಎಂದು ಕೂಗುತ್ತಿದ್ದವರು ಮಗಳನ್ನು ಕೊಟ್ಟ ದಿನದಿಂದ "ಅಳಿಯಂದಿರೇ" ಎಂದು ಶುರು ಮಾಡಿದರು. ನನ್ನ ಕೆಲಸದಲ್ಲಿ ತಪ್ಪು ಕಂಡಾಗ ಆ ಮರ್ಯಾದೆ ಇನ್ನೂ ಒಂದು ಗೇಣು ಹೆಚ್ಚುತ್ತದೆ.

ಗ್ಯಾರೇಜು ನನಗೆ ಬಿಟ್ಟುಕೊಟ್ಟ ದಿನ ನಮ್ಮಿಬ್ಬರಿಗೂ ಒಂದು ಒಪ್ಪಂದವಾಯಿತು. ಅವರ ಕಾರಿನ ಬಾನೆಟ್ ನನ್ನದು, ಸ್ಟಿಯರಿಂಗ್ ಅವರದು. ಅವರು ಬಾನೆಟ್ ಎತ್ತುವಂತಿಲ್ಲ, ನಾನು ಅವರ ಸೀಟಿನಲ್ಲಿ ಕೂರುವಂತಿಲ್ಲ. ಹನ್ನೊಂದು ವರ್ಷದಿಂದ ಇಬ್ಬರೂ ಗೆರೆ ದಾಟಿಲ್ಲ. ಈ ಒಪ್ಪಂದ ಇಷ್ಟು ಉಪಯೋಗಕ್ಕೆ ಬರುತ್ತದೆಂದು ಅವತ್ತು ಯಾರಿಗೆ ಗೊತ್ತಿತ್ತು!

ಬಂಪರಿನ ತಗ್ಗು ತಟ್ಟುವ ನೆಪದಲ್ಲಿ ನಾಳೆ ಕಾರು ಬರುತ್ತದೆ. ಗುರುವಿಗೇ ತಿರುಮಂತ್ರ.

ಅಂದಹಾಗೆ, ಜಾಕಿನ ಕೆಳಗಿಡುವ ಅಂಗೈಯಗಲದ ಮರದ ತುಂಡುಗಳಲ್ಲಿ ನಾಲ್ಕನೇ ನಂಬರಿನದು ಕಾಣೆಯಾಗಿದೆ. ಆರಕ್ಕೂ ಹಳದಿ ಬಣ್ಣದಲ್ಲಿ ನಂಬರ್ ಬರೆದಿಟ್ಟವನು ನಾನೇ. ಮರದ ತುಂಡು ಕದಿಯುವವನಿಗೆ ಅದೆಂಥ ದರಿದ್ರ ಬಂದಿರಬೇಕು!

ಮಾರ್ಚ್ ೫, ಬುಧವಾರ

ಬಿಚ್ಚಿದೆ.

ಟರ್ಬೋವನ್ನು ನಾವು ಗ್ಯಾರೇಜಿನಲ್ಲಿ ಬಸವನಹುಳು ಎನ್ನುತ್ತೇವೆ, ಆಕಾರ ಹಾಗೇ ಇದೆ. ಎಂಜಿನ್ ಉಗುಳುವ ಹೊಗೆಯ ರಭಸಕ್ಕೆ ತಾನು ಗಿರಗಿರ ತಿರುಗಿ, ಅದೇ ಎಂಜಿನ್ನಿನ ಬಾಯಿಗೆ ಗಾಳಿ ತುರುಕುತ್ತದೆ. ಅದು ಕೂತಿದ್ದ ಜಾಗದಲ್ಲಿ ಹೊಗೆ ಹೋಗಲು ಒಂದು ಪೈಪು ಬೆಸುಗೆ ಹಾಕಿ ಕೂರಿಸಿದೆ, ಗಾಳಿ ಬರಲು ಇನ್ನೊಂದು, ಆಯಿಲ್ ಬರುತ್ತಿದ್ದ ತೂತಿಗೆ ಬೋಲ್ಟು. ಬೆಸುಗೆ ಎಷ್ಟು ಚೆನ್ನಾಗಿ ಬಂತೆಂದರೆ ಯಾರಿಗೂ ತೋರಿಸುವಂತಿಲ್ಲವಲ್ಲ ಎಂದು ಸಂಕಟವಾಯಿತು. ಬಸವನಹುಳುವನ್ನು ಹಳೇ ಪರದೆಯಲ್ಲಿ ಸುತ್ತಿ ಬೀರುವಿನಲ್ಲಿ ಪೇಂಟ್ ಡಬ್ಬಗಳ ಹಿಂದೆ ಅಡಗಿಸಿದೆ.

ಒಪ್ಪಂದ ಮುರಿದು ಒಂದು ಸುತ್ತು ಓಡಿಸಿ ನೋಡೋಣ ಎಂದುಕೊಳ್ಳುವಷ್ಟರಲ್ಲಿ ಮಾವ ಬಂದು ಸೀಟಿನಲ್ಲಿ ಕೂತೇಬಿಟ್ಟರು. ಬಂಪರ್ ಸವರಿ ನೋಡಿ "ಪರವಾಗಿಲ್ಲ" ಎಂದರು. ಕಾರು ಗೇಟು ದಾಟಿ ಮೂಲೆ ತಿರುಗುವಷ್ಟರಲ್ಲಿ ನಾನೊಂದು ಟೀ ಕುಡಿದು ಮುಗಿಸಿದ್ದೆ. ಬಸವನಹುಳು ತೆಗೆದದ್ದೇ ತಡ, ಕಾರೇ ಬಸವನಹುಳುವಾಯಿತು.

ಹೆಂಡತಿ ಶಭಾಷ್ ಎಂದಳು. ಮದುವೆಯಾದ ಮೇಲೆ ಇದು ಎರಡನೆಯದು.

ಮಾರ್ಚ್ ೭, ಶುಕ್ರವಾರ

ಬೆಳಿಗ್ಗೆ ಶಟರ್ ಎತ್ತುವಾಗಲೇ ಮಾವ ಹಾಜರ್.

"ಅಳಿಯಂದಿರೇ, ತಮ್ಮ ಕೈಗುಣ ಅಮೋಘ. ಬಂಪರ್ ನುಣ್ಣಗಾಗಿದೆ. ಕಾರು ಮಾತ್ರ ಏರು ಹತ್ತುತ್ತಿಲ್ಲ."

ಏರು ಅಂದರೆ ಆರೈಕೆ ಕೇಂದ್ರದ ರಸ್ತೆ. ಅತ್ತೆ ಜನವರಿಯಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಗಿ, ಈಗ ಗುಡ್ಡದ ಮೇಲಿರುವ ಕೇಂದ್ರದಲ್ಲಿ ಮತ್ತೆ ನಡೆಯಲು ಕಲಿಯುತ್ತಿದ್ದಾರೆ. ದಿನಾ ಸಂಜೆ ನಾಲ್ಕಕ್ಕೆ ಮಾವ ಅಲ್ಲಿರಬೇಕು. ಒಂದು ದಿನವೂ ತಪ್ಪಿಸಿಲ್ಲ.

"ನಿನ್ನೆ ಮೂರನೇ ತಿರುವಲ್ಲಿ ನಿಂತೇಬಿಡ್ತು. ಹಿಂದೆ ಬಂದ ಹಾಲಿನ ವ್ಯಾನಿನವನು ಇಳಿದು ಬಂದು ತಳ್ಳಿದ. ನಲವತ್ತು ವರ್ಷ ಗ್ಯಾರೇಜ್ ನಡೆಸಿದವನ ಕಾರನ್ನ! ತಳ್ಳಿದ!"

ನಿಧಾನವಾಗಲಿ ಅಂತಲೇ ಬಿಚ್ಚಿದ್ದು ನಿಜ. ಆದರೆ ನಿಲ್ಲಬಾರದು. ನನ್ನ ಲೆಕ್ಕದಲ್ಲಿ ಎರಡನೇ ಗೇರಿನಲ್ಲಿ ಮುಲುಕುತ್ತ ಹತ್ತಬೇಕಿತ್ತು. ಎಲ್ಲೋ ಕೈ ತಪ್ಪಿದೆ.

"ಆ ಸಿಳ್ಳೆನೂ ಕೇಳಿಸ್ತಿಲ್ಲ" ಎಂದರು ಮಾವ. ಟರ್ಬೋ ತಿರುಗುವಾಗ ಸಣ್ಣಗೆ ಒಂದು ಸಿಳ್ಳೆ ಬರುತ್ತದೆ, ಅದರ ಮಾತು.

"ಕಿವಿ ಒಂದ್ಸಲ ತೋರಿಸ್ಕೊಳ್ಳಿ ಮಾವ. ವಯಸ್ಸಾಯ್ತಲ್ಲ" ಎಂದುಬಿಟ್ಟೆ.

ನಾಲಿಗೆಗೆ ಎಲುಬಿಲ್ಲ ಅಂತ ಸುಮ್ಮನೆ ಹೇಳುತ್ತಾರೆಯೇ?

ಮಾರ್ಚ್ ೮, ಶನಿವಾರ

ಇವತ್ತು ನಾಲ್ಕು ಗಂಟೆಗೆ ಮಾವನ ಜೊತೆ ಹೋದೆ. ರೋಗ ಹುಡುಕುವುದಕ್ಕೆ ಅವರೇ ಕಲಿಸಿದ ಪದ್ಧತಿ ಇದೆ. ಕಾರಿನವನೇ ಓಡಿಸಬೇಕು, ಮೆಕ್ಯಾನಿಕ್ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತು ಕೇಳಬೇಕು. "ಕಣ್ಣು ತೆರೆದ್ರೆ ಮೀಟರ್ ನೋಡ್ತೀಯ, ಮೀಟರ್ ನೋಡಿದ್ರೆ ಕಿವಿ ಸಾಯುತ್ತೆ" ಎನ್ನುತ್ತಿದ್ದರು ಆಗ. ಮೂವತ್ತು ವರ್ಷ ಇದೇ ಪದ್ಧತಿಯಲ್ಲಿ ಊರಿನ ಕಾರುಗಳನ್ನೆಲ್ಲ ವಾಸಿ ಮಾಡಿದ್ದೇನೆ.

ಕಣ್ಣು ಮುಚ್ಚಿ ಕೇಳಿದೆ. ಎಂಜಿನ್ ಅಳುತ್ತಿದೆ ಅಷ್ಟೇ. ಮೊದಲ ಗೇರಿನಲ್ಲಿ, ಪಕ್ಕದಲ್ಲಿ ನಡೆದು ಹೋಗುವ ಹೆಂಗಸಿನ ಜೊತೆ ಮಾತಾಡುವಷ್ಟು ನಿಧಾನವಾಗಿ ಮೇಲೆ ತಲುಪಿದೆವು.

"ತಳ್ಕೊಂಡು ಬಂದ್ರಾ?" ಎಂದರು ಅತ್ತೆ.

ವಾಪಸ್ ಬಂದು ಬಾನೆಟ್ ಎತ್ತಿದೆ. ಹಳೇ ಕಾರು, ಆಕ್ಸಿಲರೇಟರ್‌ನಿಂದ ಎಂಜಿನ್ನಿಗೆ ಇನ್ನೂ ಕೇಬಲ್ಲೇ ಬರುತ್ತದೆ. ಆ ಕೇಬಲ್ಲಿನ ತುದಿಯನ್ನು ಕೈಯಲ್ಲಿ ಹಿಡಿದು ಪೂರ್ತಿ ಎಳೆದರೆ ಎಂಜಿನ್ ಹುಲಿಯ ಹಾಗೆ ಗರ್ಜಿಸಿತು! ನಿಂತಲ್ಲಿ ಹುಲಿ, ರಸ್ತೆಯಲ್ಲಿ ಇಲಿ. ಇದೆಂಥ ಮಾಯೆ?

ಮಾರ್ಚ್ ೧೦, ಸೋಮವಾರ

ಮಾವ ನಿಜವಾಗಿಯೂ ಕಿವಿ ಡಾಕ್ಟರ ಹತ್ತಿರ ಹೋಗಿಬಂದಿದ್ದಾರೆ. ಚೀಟಿಯನ್ನು ನನ್ನ ಮುಂದೆ ಹಿಡಿದರು.

"ಎರಡೂ ಕಿವಿ ಸರಿ ಇದೆಯಂತೆ. ನಲವತ್ತರವರಿಗಿಂತ ಚೆನ್ನಾಗಿದೆಯಂತೆ. ಹಾಗಾದ್ರೆ ಸಿಳ್ಳೆ ಎಲ್ಲಿಗೆ ಹೋಯ್ತು ಅಳಿಯಂದಿರೇ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಬೀರುವಿನ ಕಡೆ ನೋಡಿಬಿಟ್ಟೆ. ಅವರು ಗಮನಿಸಲಿಲ್ಲ, ಸದ್ಯ.

ಇವತ್ತು ಎಲ್ಲ ಜೋಡಣೆಗಳಿಗೂ ಸೋಪಿನ ನೀರು ಹಚ್ಚಿ ನೋಡಿದೆ. ಗಾಳಿಯ ಪೈಪಿನ ಒಂದು ಕ್ಲಾಂಪಿನ ಹತ್ತಿರ ನೊರೆ ಅಲುಗಿತು. ಸಿಕ್ಕಿತು ಕಳ್ಳ! ಬಿಗಿ ಮಾಡಿದೆ. ಕುಣಿಯುತ್ತ ನಾಲ್ಕು ಗಂಟೆಗೆ ಹೋದೆ. ಅದೇ ಮೊದಲ ಗೇರು, ಅದೇ ಹೆಂಗಸು. ಇವತ್ತು ಅವಳೇ ನಮ್ಮನ್ನು ನೋಡಿ ಕೈಬೀಸಿದಳು.

ಮಾರ್ಚ್ ೧೧, ಮಂಗಳವಾರ

ನಾನು ಮಾಡಿದ್ದನ್ನು ಬರೆಯಲು ನನಗೇ ನಾಚಿಕೆ. ಬರೆಯದಿದ್ದರೆ ನಗು ತಡೆಯಲಾಗುವುದಿಲ್ಲ.

ಏರಿನಲ್ಲಿ ಮಾವ ಆಕ್ಸಿಲರೇಟರ್ ಒತ್ತಿದ್ದು ಗೊತ್ತಾದ ತಕ್ಷಣ, ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತ ನಾನು, ಹಲ್ಲಿನ ಸಂದಿಯಿಂದ ಸಣ್ಣಗೆ ಸಿಳ್ಳೆ ಊದಿದೆ. ಎಂಜಿನ್ ಏರಿದಂತೆ ಏರಿಸಿದೆ, ಗೇರ್ ಬದಲಾಯಿಸಿದಾಗ ನಿಲ್ಲಿಸಿದೆ.

"ಬಂತು!" ಎಂದು ಸ್ಟಿಯರಿಂಗ್ ಮೇಲೆ ಗುದ್ದಿದರು ಮಾವ. "ಸಿಳ್ಳೆ ಬಂತು! ಕೇಳಿಸ್ತಾ?"

"ಊಂ" ಎಂದೆ. ಊದುತ್ತ ಅಷ್ಟು ಮಾತ್ರ ಹೇಳಬಹುದು.

"ಆದ್ರೆ ಎಳೀತಿಲ್ಲವಲ್ಲ."

ಮೇಲೆ ಹೋಗಿ ಅತ್ತೆಗೂ ಹೇಳಿದರು, ಸಿಳ್ಳೆ ಬಂತು ಅಂತ. ಮಾವನ ಮುಖ ಅಷ್ಟು ಅರಳಿದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ಓದುತ್ತ ನಿಂತೆ.

ಮಾರ್ಚ್ ೧೨, ಬುಧವಾರ

ಸಿಳ್ಳೆ ಊದಿ ತುಟಿ ನೋವು. ಪೆಟ್ರೋಲ್ ಪಂಪು ಸರಿ ಇದೆ. ಪ್ಲಗ್ ಸರಿ ಇವೆ. ಸೈಲೆನ್ಸರ್ ಕಟ್ಟಿಕೊಂಡಿಲ್ಲ.

ಮಾರ್ಚ್ ೧೪, ಶುಕ್ರವಾರ

ಸಿಲಿಂಡರಿನ ಒತ್ತಡ ಅಳೆದೆ. ನಾಲ್ಕೂ ಒಂದೇ ಸಮ. ಟರ್ಬೋ ಇರುವ ಎಂಜಿನ್ನಿಗೆ ಕಂಪನಿಯವರೇ ಒತ್ತಡ ಕಡಿಮೆ ಇಟ್ಟಿರುತ್ತಾರೆ, ಉಳಿದದ್ದನ್ನು ಟರ್ಬೋ ಗಾಳಿ ತುಂಬಿ ಸರಿದೂಗಿಸುತ್ತದೆ. ಅದನ್ನೇ ಕಿತ್ತರೆ ಮಂಕಾಗುವುದು ಸಹಜ. ಆದರೆ ಇದು ಮಂಕಲ್ಲ, ಮೂರ್ಛೆ. ಕಲಿತ ವಿದ್ಯೆಯೆಲ್ಲ ಕೈಕೊಟ್ಟಿದೆ. ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳುತ್ತಿದ್ದೇನೆ.

ನಾಲ್ಕು ಗಂಟೆಗೆ ಅತ್ತೆಯ ಆಜ್ಞೆ ಹೊರಬಿತ್ತು. "ಇಪ್ಪತ್ತನೇ ತಾರೀಕು ಮನೆಗೆ ಕಳಿಸ್ತಾರಂತೆ. ಆಂಬುಲೆನ್ಸ್ ಗೀಂಬುಲೆನ್ಸ್ ನಂಗೆ ಬೇಡ. ಮಲಗಿಸ್ಕೊಂಡು ಬಂದ್ರು, ಕೂತ್ಕೊಂಡು ಹೋಗ್ತೀನಿ. ನಮ್ ಕಾರಲ್ಲಿ. ಇವರು ಓಡಿಸ್ಲಿ."

ಸಾಮಾನ್ಯವಾಗಿ ಇಂಥ ಮಾತಿಗೆ ಎದೆ ಉಬ್ಬಿಸುವ ಮಾವ ಇವತ್ತು ನೆಲ ನೋಡುತ್ತ ಕೂತರು. ಹೊರಡುವಾಗ ಬಲಗಾಲಿನ ಚಪ್ಪಲಿ ಅಲ್ಲೇ ಬಿಟ್ಟು ಕಾರಿನ ತನಕ ಬಂದುಬಿಟ್ಟಿದ್ದರು, ಜಲ್ಲಿಕಲ್ಲಿನ ಮೇಲೆ. ನಾನು ಹೋಗಿ ತಂದುಕೊಟ್ಟೆ. "ಮರೆವು ಜಾಸ್ತಿಯಾಯ್ತು ಮಾವ" ಎಂದು ರೇಗಿಸಿದೆ.

ಇಪ್ಪತ್ತನೇ ತಾರೀಕು. ಇನ್ನು ಆರೇ ದಿನ.

ಮಾರ್ಚ್ ೧೬, ಭಾನುವಾರ

ರಜೆ. ಆದರೂ ನಾಲ್ಕಕ್ಕೆ ಹೋಗಿ ಬಂದೆ. ಹೇಗೂ ಹೋಗಬೇಕಲ್ಲ. ದಾರಿಯಲ್ಲಿ ಮಾವ, ನಾನು ಹತ್ತೊಂಬತ್ತರಲ್ಲಿದ್ದಾಗ ಬ್ರೇಕ್ ಆಯಿಲ್ ಬದಲು ವಿನೆಗರ್ ಸುರಿದ ಕಥೆ ಹೇಳಿದರು. ನಾನು ಸುರಿದಿರಲಿಲ್ಲ, ಸುರಿಯಲು ಹೋಗಿದ್ದೆ ಅಷ್ಟೇ. ಇಬ್ಬರೂ ಜಗಳವಾಡುತ್ತ ಮೂರನೇ ತಿರುವು ದಾಟಿದ್ದು ಗೊತ್ತೇ ಆಗಲಿಲ್ಲ. ಸಿಳ್ಳೆ ಊದುವುದೂ ಮರೆತುಹೋಯಿತು.

ಮಾರ್ಚ್ ೧೭, ಸೋಮವಾರ

ಹೆಂಡತಿಗೆ ಹೇಳಿದೆ, ನನ್ನಿಂದ ಆಗುವುದಿಲ್ಲ, ಟರ್ಬೋ ವಾಪಸ್ ಹಾಕುತ್ತೇನೆ ಅಂತ.

"ಹಾಕಿ. ಆಮೇಲೆ ಅಮ್ಮನ್ನ ಕೂರಿಸ್ಕೊಂಡು ಅಪ್ಪ ಬೇಕರಿ ಒಳಗೇ ಹೋಗ್ಲಿ."

"ಹಾಕದಿದ್ರೆ ಅಮ್ಮನ್ನ ಹಾಲಿನ ವ್ಯಾನಿನವನು ತಳ್ಕೊಂಡು ಬರ್ತಾನೆ."

ಬಿಸಿತುಪ್ಪ ಬಾಯಲ್ಲಿ, ನುಂಗುವಂತಿಲ್ಲ, ಉಗುಳುವಂತಿಲ್ಲ. ಅವಳು ಕಣ್ಣೊರೆಸಿಕೊಂಡಳು. ಅಪ್ಪನಿಗೆ ಏನಾದರೂ ಆಗಿಬಿಟ್ಟೀತು ಎಂಬ ಭಯ ಅವಳಿಗೆ, ಅದಕ್ಕೇ ಈ ಸೂತ್ರ ಗೀತ್ರ ಎಲ್ಲ.

ಗ್ಯಾರೇಜಿನಲ್ಲಿ ಮಾವನ ಕೈಲಿದ್ದ ಬಿಸಿ ಟೀ ಅರ್ಧ ಲೋಟ ಅವರ ಕಾಲಿನ ಮೇಲೆ ಚೆಲ್ಲಿತು. ನಾನೇ ಹಾರಿಬಿದ್ದೆ. ಅವರು ಮಾತು ಮುಂದುವರಿಸಿದರು. ಹಳೇ ಕಾಲದ ಜೀವ, ಅದೆಷ್ಟು ಗಟ್ಟಿ!

ಮಾರ್ಚ್ ೧೯, ಬುಧವಾರ

ಇವತ್ತಿನದನ್ನು ಮೊದಲಿನಿಂದ ಬರೆಯುತ್ತೇನೆ.

ನಾಳೆ ಅತ್ತೆ ಬರುತ್ತಾರೆ. ಬೆಳಿಗ್ಗೆ ಆರಕ್ಕೇ ಬಸವನಹುಳುವನ್ನು ಪರದೆಯಿಂದ ಬಿಚ್ಚಿ ಅದರ ಜಾಗಕ್ಕೆ ಕೂರಿಸತೊಡಗಿದೆ. ಮಾವನನ್ನು ಹೆಂಡತಿ ತನ್ನ ಸ್ಕೂಟರಿನಲ್ಲಿ ಅತ್ತೆಯ ಬಟ್ಟೆಬರೆ ಕಟ್ಟಲು ಕೇಂದ್ರಕ್ಕೆ ಕರೆದೊಯ್ದಿದ್ದಳು. ಮಧ್ಯಾಹ್ನ ಮೂರಕ್ಕೆ ಕೆಲಸ ಮುಗಿಯಿತು. ಹೋದ ಸಲ ಓಡಿಸಿ ನೋಡದೆ ಕೆಟ್ಟಿದ್ದೆ. ಈ ಸಲ ಹಾಗಾಗಬಾರದೆಂದು, ಹನ್ನೊಂದು ವರ್ಷದಲ್ಲಿ ಮೊದಲ ಬಾರಿ, ಮಾವನ ಸೀಟಿನಲ್ಲಿ ಕೂತೆ.

ಆಕ್ಸಿಲರೇಟರ್ ಒತ್ತಿದೆ. ಅರ್ಧಕ್ಕೆ ಹೋಗಿ ಟಕ್ ಎಂದು ನಿಂತಿತು.

ಇನ್ನೊಮ್ಮೆ ಒತ್ತಿದೆ. ಟಕ್. ಬಗ್ಗಿ ಕೆಳಗಿನ ಮ್ಯಾಟ್ ಎತ್ತಿದೆ. ಪೆಡಲ್ಲಿನ ಕೆಳಗೆ ಒಂದು ಮರದ ತುಂಡು, ತಂತಿಯಲ್ಲಿ ಬಿಗಿದು ಕಟ್ಟಿದ್ದು. ಹಳದಿ ಬಣ್ಣದಲ್ಲಿ, ನನ್ನದೇ ಕೈಬರಹದಲ್ಲಿ, ೪.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದೆನಲ್ಲ! ಬಾನೆಟ್ಟಿನ ಕಡೆಯಿಂದ ಕೇಬಲ್ ಎಳೆಯುತ್ತಿದ್ದೆ, ಎಂಜಿನ್ ಗರ್ಜಿಸುತ್ತಿತ್ತು. ಪೆಡಲ್ ಕಡೆಗೆ ಹೋಗಲೇ ಇಲ್ಲ. ಅದು ಅವರ ಪಾಲು. ಮೊದಲು ನಗು ಬಂತು. ಆಮೇಲೆ ಸಿಟ್ಟು ಬಂತು. ಹನ್ನೊಂದು ದಿನ ಒಳ್ಳೇ ಎಂಜಿನ್ನಿನ ಹೊಟ್ಟೆ ಕೊಯ್ದಿದ್ದೇನೆ. ಇದು ಮುದುಕನ ಕಿತಾಪತಿ, ನನ್ನನ್ನು ಕುಣಿಸಲು ಕಟ್ಟಿದ್ದು ಎಂದುಕೊಂಡು ತಂತಿ ಬಿಚ್ಚಿ, ತುಂಡು ಹಿಡಿದು ಇಳಿದೆ.

ಮಾವ ಬಾಗಿಲಲ್ಲಿ ನಿಂತಿದ್ದರು. ಬೆಂಚಿನ ಮೇಲಿದ್ದ ನನ್ನ ಬೆಸುಗೆಯ ಪೈಪು ಅವರ ಕೈಯಲ್ಲಿತ್ತು.

"ಇದೇನು ಅಳಿಯಂದಿರೇ?"

"ಇದೇನು ಮಾವ?"

ಅವರು ಪೈಪನ್ನು ತಿರುಗಿಸಿ ನೋಡಿದರು, ಎಂಜಿನ್ ಕಡೆ ನೋಡಿದರು. ಅವರಿಗೆ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ.

"ಬೆಸುಗೆ ಚೆನ್ನಾಗಿ ಬಂದಿದೆ" ಎಂದರು ಕೊನೆಗೆ.

"ತಂತಿನೂ ಬಿಗಿಯಾಗಿ ಕಟ್ಟಿದೀರ" ಎಂದೆ.

ಹಳೇ ಟಯರುಗಳ ಮೇಲೆ ಕೂತು ಬಲಗಾಲಿನ ಚಪ್ಪಲಿ ತೆಗೆದರು. ಮೊನ್ನೆಯ ಟೀ ಬಿದ್ದಲ್ಲಿ ಬೊಬ್ಬೆ ಎದ್ದಿತ್ತು. ಕಣ್ಣು ಮುಚ್ಚಿಕೊಂಡು, "ಹೆಬ್ಬೆರಳು ಹಿಡ್ಕೊಳ್ಳಿ" ಎಂದರು. ಹಿಡಿದುಕೊಂಡೆ.

"ಹಿಡಿದ್ರಾ?"

"ಆಗಲೇ ಹಿಡ್ದಿದೀನಿ ಮಾವ."

"ನಂಗೆ ಗೊತ್ತಾಗ್ತಿಲ್ಲ."

ಸಕ್ಕರೆ ಕಾಯಿಲೆ ಅವರಿಗೆ ಹದಿನೈದು ವರ್ಷದಿಂದ ಇದೆ. ಪಾದಕ್ಕೆ ಸ್ಪರ್ಶ ಇಲ್ಲವೆಂದು ಯಾರಿಗೂ ಹೇಳಿರಲಿಲ್ಲ.

"ಬೇಕರಿ ಹತ್ರ ಬ್ರೇಕ್ ಒತ್ತಿದೀನಿ ಅಂತಲೇ ನಾನು ಅಂದ್ಕೊಂಡಿದ್ದು. ಕಾಲು ಎಲ್ಲಿದೆ ಅಂತ ನಂಗೇ ಗೊತ್ತಿರ್ಲಿಲ್ಲ. ಮಾರನೇ ದಿನವೇ ಈ ತುಂಡು ಕಟ್ಟಿದೆ. ಪೂರ್ತಿ ಒತ್ತಿದ್ರೂ ಹಾರಬಾರದು ಅಂತ. ತುಂಡು ಕಟ್ಟಿದ್ರೂ ಏರು ಹತ್ತುತ್ತಿತ್ತು, ತಾವು ಬಂಪರ್ ರಿಪೇರಿ ಮಾಡೋವರೆಗೂ."

"ಒಂದ್ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಕೀಲಿ ಕಿತ್ಕೊಳ್ತಿದ್ರಿ. ನಾಲ್ಕು ಗಂಟೆಗೆ ಅವಳ ಹತ್ರ ಹೇಗೆ ಹೋಗ್ತಿದ್ದೆ?"

"ನಾನು ಕರ್ಕೊಂಡು ಹೋಗ್ತಿದ್ದೆ."

"ಜನವರಿ, ಫೆಬ್ರವರಿಯಲ್ಲಿ ಒಂದ್ಸಲವಾದ್ರೂ ಬಂದ್ರಾ? ಈ ಹನ್ನೊಂದು ದಿನ ಬಂದದ್ದು ಕಾರಿಗೋಸ್ಕರ."

ನನಗೆ ಕೆಮ್ಮು ಬಂತು. ಬೆಸುಗೆಯ ಹೊಗೆ ಗಂಟಲಿಗೆ ಒಳ್ಳೆಯದಲ್ಲ. ಇವತ್ತು ಬೆಸುಗೆ ಹಾಕಿರಲಿಲ್ಲ, ಆದರೂ.

ಆ ಬೊಬ್ಬೆಗೆ ಮುಲಾಮು ಹಚ್ಚಿದೆ. ಅವರು ಬೇರೆ ಕಡೆ ನೋಡುತ್ತಿದ್ದರು. ನಾಳೆ ಯಾರು ಓಡಿಸುವುದು ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಮರದ ತುಂಡನ್ನು ಮೂರು ಮತ್ತು ಐದರ ನಡುವೆ ಇಟ್ಟು ಬಂದೆ.

ಮಾರ್ಚ್ ೨೦, ಗುರುವಾರ

ಅತ್ತೆ ಮನೆಗೆ ಬಂದರು. ಮುಂದಿನ ಸೀಟಿನಲ್ಲಿ, ಕೂತುಕೊಂಡೇ. ಮಾವ ಹಿಂದಿನ ಸೀಟಿನಲ್ಲಿ ವಾಕರ್ ಅಪ್ಪಿಕೊಂಡು ಕೂತಿದ್ದರು. "ಏನಿದು, ಸ್ಟಿಯರಿಂಗ್ ಬಿಟ್ಟುಕೊಟ್ರಾ?" ಎಂದು ಅತ್ತೆ ಕೇಳಿದ್ದಕ್ಕೆ, "ಅವನಿಗೆ ಬಾನೆಟ್ ಒಂದನ್ನೇ ಕೊಟ್ಟಿದ್ದೆ. ಒಳಗಿರೋದನ್ನೆಲ್ಲ ಕದ್ದು ಮಾರ್ತಾನೆ, ಅದಕ್ಕೆ ಕಣ್ಣೆದುರಿಗೇ ಇರ್ಲಿ ಅಂತ" ಎಂದರು. ನಾಳೆ ಕಾಲಿನ ಡಾಕ್ಟರನ್ನು ನೋಡಲು ಒಪ್ಪಿದ್ದಾರೆ. ನಾನೂ ತಲೆಯ ಡಾಕ್ಟರಿಗೆ ತೋರಿಸಿಕೊಳ್ಳಬೇಕಂತೆ. ಹೆಂಡತಿ ಅಪ್ಪನ ಕಾಲು ಹಿಡಿದು ಅತ್ತಳು, ಆಮೇಲೆ ನನ್ನ ಮೇಲೆ ರೇಗಿದಳು. ಟರ್ಬೋ ಕೀಳಲು ಯಾರು ಹೇಳಿದ್ದರಂತೆ!

ಹೊರಟ ಹೊತ್ತಿನದನ್ನು ಮಾತ್ರ ಸರಿಯಾಗಿ ಬರೆದಿಡಬೇಕು.

ಮೂರೂವರೆಗೆ ಮಾವ ಗ್ಯಾರೇಜಿಗೆ ಬಂದರು. ಕಾರನ್ನು ಒಂದು ಸುತ್ತು ಹಾಕಿದರು. ತಮ್ಮ ಸೀಟಿನ ಬಾಗಿಲು ತೆರೆದು, ಕೀಲಿಯನ್ನು ಸೀಟಿನ ಮೇಲಿಟ್ಟು, ಬಾಗಿಲನ್ನು ತೆರೆದೇ ಬಿಟ್ಟರು. ಆಮೇಲೆ ಆ ಕಡೆಯಿಂದ ಹೋಗಿ ಪಕ್ಕದ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿಕೊಂಡರು.

"ಕೂತ್ಕೊಳ್ಳೋ. ನಾಲ್ಕು ಗಂಟೆ ಅಂದ್ರೆ ನಾಲ್ಕು ಗಂಟೆ."

ಕೂತೆ. ಆ ಸೀಟು ಅವರ ಮೈಗೆ ಹೊಂದಿಕೊಂಡು ತಗ್ಗಾಗಿದೆ, ನನ್ನ ಮೊಣಕಾಲು ಎಲ್ಲೆಲ್ಲೋ ತಾಗಿತು. ಏರಿನ ಬುಡದಲ್ಲಿ ಗೇರ್ ಇಳಿಸಿ, ಹೆದರುತ್ತ ಹೆದರುತ್ತ ಒತ್ತಿದೆ.

"ತುಳಿಯೋ ಕತ್ತೆ, ಹಾಗೆ ಸವರಿದ್ರೆ ಹತ್ತುತ್ತಾ? ಇನ್ನೂ ತುಳಿ."

ತುಳಿದೆ. ಪೆಡಲ್ ನೆಲ ಮುಟ್ಟಿತು. ಕಾರು ಮೊದಲ ತಿರುವು, ಎರಡನೆಯದು ದಾಟಿತು. ದಾರಿಯ ಹೆಂಗಸು ಕೈ ಎತ್ತುವಷ್ಟರಲ್ಲಿ ಹಿಂದೆ ಉಳಿದಳು. ಮೂರನೇ ತಿರುವಿನಲ್ಲಿ ಸಣ್ಣಗೆ ಸಿಳ್ಳೆ ಕೇಳಿಸಿತು, ಆಮೇಲೆ ಏರುತ್ತ ಏರುತ್ತ ತುಂಬಿಕೊಂಡಿತು.

ಮಾವ ಒಂದು ಕಣ್ಣು ಮಾತ್ರ ತೆರೆದು ನನ್ನ ಬಾಯಿಯ ಕಡೆ ನೋಡಿದರು.

"ಈ ಸಲ ನೀನು ಊದ್ತಿಲ್ಲ ತಾನೆ?"